ಹೆಸರಿಲ್ಲದ ನಂಬರು

ಮಕ್ರೇ ಕೋವ್, ಕೇಪ್ ಬ್ರೆಟನ್
ಮಾರ್ಚ್ ೯, ಸೋಮವಾರ

ಪ್ರೀತಿಯ ಹ್ಯೂಯಿ,

‘ಪ್ರೀತಿಯ’ ಎಂದು ಕೈ ತಾನಾಗಿ ಬರೆದುಬಿಟ್ಟಿತು. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ ಎಂದು ಹಾಗೇ ಬಿಟ್ಟಿದ್ದೇನೆ, ಅಷ್ಟೇ. ನಿನ್ನ ಮಂಡಿ ಹೇಗಿದೆ? ಅಲ್ಬರ್ಟಾದ ಆ ಚಳಿಯಲ್ಲಿ ಉಣ್ಣೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದೀಯೋ ಅಥವಾ ಕೆಲಸದ ಕ್ಯಾಂಪಿನವರು ನಗುತ್ತಾರೆಂದು ಪೆಟ್ಟಿಗೆಯಲ್ಲೇ ಇಟ್ಟಿದ್ದೀಯೋ? ಕೆಮ್ಮು ನಿಂತಿತೇ? ಮೆಸ್ಸಿನಲ್ಲಿ ದಿನಾ ಹಂದಿಮಾಂಸ ಹುರಿದು ಹಾಕುತ್ತಾರೆ ಎಂದಿದ್ದೆ, ಸ್ವಲ್ಪ ಸೊಪ್ಪು ತರಕಾರಿಯನ್ನೂ ತಿನ್ನು. ಇಷ್ಟು ಕೇಳಬೇಕಾದದ್ದು ಹೆಂಡತಿಯ ಧರ್ಮ, ಕೇಳಿದ್ದಾಯಿತು. ಇನ್ನು ಮುಂದೆ ಬೈಗುಳ. ಎಲ್ಲಾದರೂ ಕುಳಿತು ಓದು.

ನಿನ್ನೆಯಿಂದ ನೀನು ಮಾಡುತ್ತಿರುವ ಕರೆಗಳನ್ನು ನಾನು ತೆಗೆಯುತ್ತಿಲ್ಲ. ಕೈಗೆ ಸಿಗದೆ ಅಲ್ಲ, ಬೇಕೆಂದೇ. ಫೋನಿನಲ್ಲಿ ನಾನು ಒಂದು ಮಾತಾಡಿದರೆ ನೀನು ಹತ್ತು ಆಡುತ್ತೀಯ, ಕೊನೆಗೆ ಒಂದು ತಮಾಷೆ ಮಾಡಿ ನಗಿಸಿ ಜಾರಿಕೊಳ್ಳುತ್ತೀಯ. ಕಾಗದದ ಮುಂದೆ ನಿನ್ನ ಆಟ ನಡೆಯುವುದಿಲ್ಲ. ಅದಕ್ಕೇ ಅಂಚೆಯ ಖರ್ಚು.

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ನೀನು ಕರೆ ಮಾಡಿ, ‘ಇವತ್ತು ರಜಾ ಕಣೇ ಮೊರಾಗ್, ಫೋನನ್ನ ಪೂರಾ ಗುಡಿಸಿ ಸಾರಿಸಿಬಿಟ್ಟೆ. ಬೇಡದವರನ್ನೆಲ್ಲ ಆಚೆ ಕಳಿಸಿದೆ, ಎಷ್ಟು ಹಗುರಾಯ್ತು ಗೊತ್ತಾ!’ ಎಂದು ಕೊಚ್ಚಿಕೊಂಡಿದ್ದೆ. ನೆನಪಿದೆಯೇ? ಮನೆಯಲ್ಲಿದ್ದಾಗ ಒಂದು ದಿನ ಪೊರಕೆ ಹಿಡಿಯದವನು ಫೋನು ಗುಡಿಸುತ್ತಿದ್ದಾನಲ್ಲ ಎಂದು ನಾನೂ ನಕ್ಕಿದ್ದೆ. ನೀನು ಗುಡಿಸಿದ್ದು ನಿನ್ನ ಫೋನನ್ನಲ್ಲ ಮಹಾರಾಯ. ನನ್ನದನ್ನು, ನಿನ್ನ ಅಮ್ಮನದನ್ನು, ಈ ಮನೆಯನ್ನೇ ಗುಡಿಸಿ ಹಾಕಿದೆ.

ಮೂರೂ ಫೋನುಗಳಿಗೆ ಒಂದೇ ಅಕೌಂಟ್ ಹಾಕಿದವನು ನೀನು. ಅಡುಗೆಮನೆಯ ಮೇಜಿನ ಮೇಲೆ ಫೋನುಗಳನ್ನು ಸಾಲಾಗಿ ಇಟ್ಟುಕೊಂಡು, ‘ಎಲ್ಲರಿಗೂ ಒಂದೇ ಪಾಸ್‌ವರ್ಡು. ಒಂದ್ರಲ್ಲಿ ಹಾಕಿದ್ರೆ ಎಲ್ಲದಕ್ಕೂ ಬರುತ್ತೆ, ಯಾರೂ ತಲೆ ಕೆಡಿಸಿಕೊಳ್ಳೋ ಹಂಗಿಲ್ಲ’ ಎಂದು ಎದೆಯುಬ್ಬಿಸಿ ಹೇಳಿದ್ದೆ. ಒಂದರಲ್ಲಿ ತೆಗೆದರೆ ಎಲ್ಲದರಿಂದಲೂ ಹೋಗುತ್ತದೆ ಎಂಬುದು ಆ ಬುದ್ಧಿವಂತ ತಲೆಗೆ ಹೊಳೆಯಲೇ ಇಲ್ಲ.

ಆಚೆ ಕಳಿಸಿದ ಬೇಡದವರಲ್ಲಿ ಮೊದಲನೆಯವನು ಯಾರೆಂದು ಈಗ ನನಗೆ ಗೊತ್ತು. ನಿಮ್ಮಪ್ಪನ ದೋಣಿಯನ್ನು ನಿನ್ನ ತಮ್ಮ ಆರ್ಚಿ ನಿನ್ನ ಒಂದು ಮಾತೂ ಕೇಳದೆ ಪಕ್ಕದ ಬಂದರಿನವನಿಗೆ ಮಾರಿದ. ಅದು ತಪ್ಪು. ಅವನ ಮುಖಕ್ಕೇ ಹೇಳಿದ್ದೇನೆ, ನಾಳೆಯೂ ಹೇಳುತ್ತೇನೆ. ನಿನಗೆ ಸಿಟ್ಟು ಬಂದದ್ದು ನ್ಯಾಯ. ಇನ್ನು ತಮ್ಮನ ಹೆಸರೇ ಕಣ್ಣಿಗೆ ಬೀಳಬಾರದು ಎಂದೆಯಲ್ಲ, ಸರಿ, ನಿನ್ನ ಕಣ್ಣಿಗೆ ಬೀಳದಿರಲಿ. ಆದರೆ ಅವನು ನಿನಗೆ ತಮ್ಮನಾಗುವ ಮೊದಲು ಆ ಹೆಂಗಸಿಗೆ ಮಗ. ನಿಮ್ಮಿಬ್ಬರ ಜಗಳದಲ್ಲಿ ಅವಳ ಮಗನನ್ನು ಅಳಿಸುವ ಅಧಿಕಾರ ನಿನಗೆ ಯಾರು ಕೊಟ್ಟರು?

ಅತ್ತೆಗೆ ನಂಬರು ಬರುವುದಿಲ್ಲ, ಅದು ನಿನಗೂ ಗೊತ್ತು. ನಂಬರಿನ ಬದಲು ಫೋಟೋದಲ್ಲಿರುವ ಮುಖ ಒತ್ತುವುದನ್ನು ಕಲಿಸಿಕೊಟ್ಟವನು ನೀನೇ. ಭಾನುವಾರ ಚರ್ಚಿನಿಂದ ಬಂದು, ಕೋಟು ಬಿಚ್ಚಿ, ಟೀ ಕುದಿಸಿ, ಓಟ್ಸಿನ ರೊಟ್ಟಿಗೆ ಬೆಣ್ಣೆ ಸವರಿಟ್ಟುಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತರೆ, ಆಮೇಲೆ ಆರ್ಚಿಯ ಆ ಕೆಂಪು ಟೋಪಿಯ ಮುಖವನ್ನು ಒತ್ತುತ್ತಿದ್ದಳು. ಹ್ಯಾಲಿಫ್ಯಾಕ್ಸಿನಲ್ಲಿ ಆರ್ಚಿ ಫೋನೆತ್ತುತ್ತಿದ್ದ. ಪಾದ್ರಿ ಏನು ಹೇಳಿದರು, ಯಾರು ಯಾರ ಪಕ್ಕ ಕುಳಿತಿದ್ದರು, ಕೊಲ್ಲಿಯ ಮಂಜುಗಡ್ಡೆ ಎಲ್ಲಿಗೆ ಬಂತು, ಇವೇ ಮಾತು. ಟೀ ಆರಿ ತಣ್ಣಗಾಗುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ. ವಾರವೆಲ್ಲ ಅವಳು ಬದುಕುವುದು ಆ ಒಂದು ಗಂಟೆಗಾಗಿ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ನೀನು ಗುಡಿಸಿದ ಮಾರನೆಯ ದಿನ ಆ ಮುಖ ಅಲ್ಲಿರಲಿಲ್ಲ. ಅವಳು ನನಗೆ ಹೇಳಲಿಲ್ಲ. ಟೀ ಕುಡಿಯಲಿಲ್ಲ, ರೊಟ್ಟಿ ಹಾಗೇ ಇತ್ತು, ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದಳು. ಆ ವಾರವೆಲ್ಲ ಅವಳ ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತಿತ್ತು. ಹೆಸರಿಲ್ಲ, ಬರೀ ನಂಬರು. ನೋಡುತ್ತಿದ್ದಳು, ಮಗುಚಿ ಇಡುತ್ತಿದ್ದಳು. ‘ಎತ್ತಬಾರದಾ ಅತ್ತೆ, ಯಾರೋ ಏನೋ’ ಎಂದರೆ, ‘ಹೆಸರಿಲ್ಲದ ನಂಬರೆಲ್ಲ ಮೋಸಗಾರರದ್ದು, ಸತ್ತರೂ ಎತ್ತಬೇಡ ಅಂತ ಹ್ಯೂಯಿ ಹೇಳಿದ್ದಾನೆ ಕಣೇ’ ಎನ್ನುತ್ತಿದ್ದಳು. ದೊಡ್ಡ ಮಗನ ಮಾತೆಂದರೆ ಅವಳಿಗೆ ಬೈಬಲ್ಲು. ನಾನೂ ಹೌದೆಂದು ಸುಮ್ಮನಾದೆ. ಎತ್ತಿದ್ದರೆ ಒಂದು ಮಾತಿನಲ್ಲಿ ಮುಗಿದುಹೋಗುತ್ತಿತ್ತು.

ಮುಂದಿನ ಭಾನುವಾರ, ಅಂದರೆ ನಿನ್ನೆಯದಲ್ಲ ಅದರ ಹಿಂದಿನದು, ಅವಳು ಧೈರ್ಯ ಮಾಡಿ ಹೆಸರುಗಳ ಪಟ್ಟಿಯಲ್ಲಿ ಬೆರಳಾಡಿಸಿ ಹುಡುಕಿದಳು. ಅಲ್ಲಿ ‘ಆರ್ಚಿ ಗಿಲ್ಲಿಸ್’ ಎಂದು ಒಂದಿತ್ತು, ಮುಖವಿಲ್ಲದೆ. ಈ ಊರಲ್ಲಿ ಕಲ್ಲೆಸೆದರೆ ನಮ್ಮಂಥ ಒಬ್ಬ ಗಿಲ್ಲಿಸ್‌ಗೆ ತಗಲುತ್ತದೆ, ಅವರಲ್ಲಿ ಅರ್ಧ ಜನ ಆರ್ಚಿಗಳು. ಅದಕ್ಕೇ ಇಲ್ಲಿ ಹುಟ್ಟಿದವರಾರೂ ಯಾರನ್ನೂ ಹಾಗೆ ಕರೆಯುವುದಿಲ್ಲ. ಹಿಮ ತೆಗೆಯುವ ಆರ್ಚಿ, ಗಡ್ಡದ ಆರ್ಚಿ, ಕರೀ ಕೋಟಿನ ಆರ್ಚಿ ಎಂದೇ ರೂಢಿ. ನಾನು ಹಾಗೇ ಹಾಕೋಣ ಎಂದಿದ್ದೆ. ನೀನು ಕೇಳಿದೆಯಾ? ‘ಇದೇನು ಹಳ್ಳಿಗುಗ್ಗುಗಳ ಥರ’ ಎಂದು ಎಲ್ಲರಿಗೂ ಪೂರ್ತಿ ಹೆಸರು, ಕುಲನಾಮ ಹಾಕಿ ನೀಟಾಗಿ ಜೋಡಿಸಿದೆ. ಈ ಉಳಿದುಕೊಂಡ ಆರ್ಚಿ ಗಿಲ್ಲಿಸ್ ಯಾರು ಹೇಳು? ಕರೀ ಕೋಟು. ನಿನ್ನ ಅಪ್ಪನನ್ನು ಮಣ್ಣು ಮಾಡಿಸಿದವನು.

ಅವಳು ಒತ್ತಿದಳು. ಅತ್ತ ಕಡೆಯಿಂದ ಆ ಗಂಭೀರ ಧ್ವನಿಯಲ್ಲಿ, ‘ಗಿಲ್ಲಿಸ್ ಶವಸಂಸ್ಕಾರದ ಮನೆ, ಹೇಳಿ, ನಿಮ್ಮ ದುಃಖದಲ್ಲಿ ನಾವಿದ್ದೀವಿ’ ಎಂದು ಬಂತು. ನಾನು ಹಿಂದಿನ ಕೋಣೆಯಲ್ಲಿದ್ದೆ. ಬಟ್ಟಲು ಬಿದ್ದ ಸದ್ದಿಗೆ ಓಡಿ ಬಂದರೆ ಅವಳು ಕುರ್ಚಿಯ ಕೈ ಹಿಡಿದು ನಿಂತಿದ್ದಾಳೆ, ಮುಖದಲ್ಲಿ ರಕ್ತವಿಲ್ಲ. ‘ಆರ್ಚಿ ಹೋಗ್ಬಿಟ್ಟ ಕಣೇ. ಅವನ ಫೋನು ಶವದ ಮನೆಯೋರ ಹತ್ರ ಇದೆ’ ಎಂದಳು. ಹ್ಯೂಯಿ, ಆ ಮಾತು ಅವಳ ಬಾಯಿಂದ ಬಂದ ರೀತಿಯನ್ನು ನೀನು ಕೇಳಬೇಕಿತ್ತು. ನಿನಗೆ ಬೇರೆ ಯಾವ ಶಿಕ್ಷೆಯೂ ಬೇಡ, ಅದೊಂದನ್ನು ಕೇಳಿಸಿದ್ದರೆ ಸಾಕಿತ್ತು.

ಕರೀ ಕೋಟಿನವನೇ ಗಾಬರಿಯಾಗಿ ತಿರುಗಿ ಕರೆ ಮಾಡಿದ. ಪುಣ್ಯಕ್ಕೆ ಅವನ ಹೆಸರಿತ್ತು, ನಾನೆತ್ತಿ ವಿಷಯ ಹೇಳಿದೆ, ಸ್ಪೀಕರ್ ಜೋರು ಮಾಡಿ ಅವಳ ಕಿವಿಯ ಬಳಿ ಹಿಡಿದೆ. ‘ಪೆಗ್ಗಿ ಆಂಟಿ, ನಾನು ಕರೀ ಕೋಟು! ನಿಮ್ಮ ಮಗ ನನ್ನ ಹತ್ರ ಬಂದಿಲ್ಲ, ಸದ್ಯಕ್ಕೆ ಬರೋದೂ ಬೇಡ. ಇನ್ಮೇಲೆ ಫೋನೆತ್ತಿದ ತಕ್ಷಣ ದುಃಖ ಅಂತ ಹೇಳಲ್ಲ, ಮೊದಲು ಯಾರು ಅಂತ ಕೇಳ್ತೀನಿ’ ಎಂದು ಅವನು ಒದ್ದಾಡಿದ. ಅವಳು ಕುಳಿತಳು. ಆಮೇಲೆ ಮೆಲ್ಲಗೆ, ‘ಹಾಗಾದ್ರೆ ಬದುಕಿದ್ದಾನೆ. ಬದುಕಿದ್ದೂ ತನ್ನ ಮುಖಾನ ನನ್ನ ಫೋನಿಂದ ತೆಗೆದುಕೊಂಡು ಹೋಗಿದ್ದಾನೆ’ ಎಂದಳು. ಮಗ ತಾನೇ ಮುಖ ಕಿತ್ತುಕೊಂಡು ಹೋದ ಎಂದು ನಂಬಿ ಅವಳು ವಾರವೆಲ್ಲ ಒಳಗೊಳಗೇ ಬೆಂದಿದ್ದಳು. ದೋಣಿ ಮಾರಿದ ದಿನ ಅವಳು ಅವನಿಗೆ ನಾಲ್ಕು ಬಿರುಸು ಮಾತು ಅಂದಿದ್ದಳಂತೆ. ಅದಕ್ಕೆ ಸೇಡು ಎಂದುಕೊಂಡಿದ್ದಾಳೆ.

ನನ್ನ ಫೋನಿನಲ್ಲಿ ನೋಡಿದೆ, ಅಲ್ಲೂ ಅವನಿಲ್ಲ. ಆಗಲೇ ನಿನ್ನ ಪೊರಕೆ ನೆನಪಾಯಿತು. ಮಾರನೆಯ ದಿನವೇ ನೋಡೋಣವೆಂದರೆ ಹಿಮಗಾಳಿ ಎದ್ದು ಫೋನು, ಇಂಟರ್‌ನೆಟ್ ಎರಡರ ಕಂಬವೂ ಬಿತ್ತು. ಸರಿಯಾದದ್ದು ಮೊನ್ನೆ ಶನಿವಾರ. ನಿನ್ನೆ ಚರ್ಚಿನಿಂದ ಬಂದವಳೇ ಕಂಪ್ಯೂಟರಿನ ಮುಂದೆ ಕುಳಿತೆ. ಹುಡುಕಿ ಹುಡುಕಿ ಕೊನೆಗೆ ಕಸದ ಬುಟ್ಟಿ ಎಂಬುದೊಂದು ಸಿಕ್ಕಿತು. ಅಳಿಸಿದ ಹೆಸರುಗಳು ಒಂದು ತಿಂಗಳು ಅಲ್ಲಿರುತ್ತವೆ, ಆಮೇಲೆ ಇಲ್ಲ. ಬುಟ್ಟಿ ತೆರೆದರೆ, ನನ್ನ ಮೊಟ್ಟೆಯ ಫ್ಲೋರಾ ಅಲ್ಲಿದ್ದಾಳೆ, ಚರ್ಚಿನ ಊಟದ ಕೋಣೆಯ ಬೀಗದ ಕೈ ಇಟ್ಟುಕೊಳ್ಳುವವಳು ಅಲ್ಲಿದ್ದಾಳೆ, ನನ್ನ ಹಲ್ಲಿನ ಡಾಕ್ಟರು ಅಲ್ಲಿದ್ದಾನೆ. ಅವರೆಲ್ಲರಿಗಿಂತ ಮೇಲೆ ಕೆಂಪು ಟೋಪಿ ಹಾಕಿಕೊಂಡು, ಅಪ್ಪನ ದೋಣಿಯಲ್ಲಿ ನಿಂತು, ಹಲ್ಲು ಕಿರಿಯುತ್ತಾ ಆರ್ಚಿ. ಪಕ್ಕದಲ್ಲಿ, ಅಳಿಸಿದ್ದು ಹ್ಯೂಯಿಯ ಫೋನಿನಿಂದ ಎಂದು ಸ್ಪಷ್ಟವಾಗಿ ಬರೆದಿದೆ. ಆ ಫೋಟೋ ತೆಗೆದವನೂ ನೀನೇ. ಅವನು ನಗುತ್ತಿರುವುದು ನಿನ್ನನ್ನು ನೋಡಿ.

ಎಲ್ಲರನ್ನೂ ಮರಳಿ ಎತ್ತಿಕೊಂಡೆ. ಅತ್ತೆಯ ಫೋನನ್ನು ಅವಳ ಮಡಿಲಲ್ಲಿಟ್ಟು ಕಾದೆವು. ಮೊದಲು ಆ ಮುಖ ತನ್ನ ಜಾಗಕ್ಕೆ ಬಂತು. ಆಮೇಲೆ ಅವಳು ಎತ್ತದೆ ಬಿಟ್ಟ ಕರೆಗಳನ್ನು ತೋರಿಸಿದೆ. ಬರೀ ನಂಬರಿದ್ದ ಜಾಗದಲ್ಲೆಲ್ಲ ಈಗ ಅವನ ಹೆಸರು. ಮೇಲಿಂದ ಕೆಳಗೆ ಆರ್ಚಿ, ಆರ್ಚಿ, ಆರ್ಚಿ. ಬೆಳಿಗ್ಗೆ, ಮಧ್ಯಾಹ್ನ, ಭಾನುವಾರ, ಬುಧವಾರ. ‘ಅಯ್ಯೋ ದೇವರೇ, ಇದೆಲ್ಲ ಅವನೇನೇ? ನಾನು ಮಗುಚಿ ಇಟ್ಟಿದ್ದೆಲ್ಲ ನನ್ನ ಮಗನ್ನೇನೇ?’ ಎಂದು ಅವಳು ಫೋನಿನ ತೆರೆಯನ್ನು ಕರವಸ್ತ್ರದಂತೆ ಮುಖಕ್ಕೆ ಒತ್ತಿಕೊಂಡಳು. ಅವಳು ಅತ್ತದ್ದನ್ನು ಮಾವನ ಮಣ್ಣಿನ ದಿನವೂ ನಾನು ನೋಡಿರಲಿಲ್ಲ.

ಆಮೇಲೆ ಒತ್ತಿದಳು. ಒಂದೇ ರಿಂಗಿಗೆ ಎತ್ತಿದ. ಅವನೇ ಮೊದಲು, ‘ಅಮ್ಮಾ, ನೀನೂ ಅಣ್ಣನ ಕಡೆ ಸೇರಿ ನನ್ನನ್ನ ಬಿಟ್ಬಿಟ್ಯೇನೋ ಅಂದ್ಕೊಂಡೆ’ ಎಂದ. ಹ್ಯೂಯಿ, ದೊಡ್ಡ ಹಡಗುಗಳನ್ನು ಹಗ್ಗ ಹಾಕಿ ಎಳೆಯುವ ಆಳು ಅವನು, ಧ್ವನಿ ಚಿಕ್ಕ ಮಗುವಿನದಾಗಿತ್ತು. ಅವನು ಅಲ್ಲಿ ಅಮ್ಮ ಕೈಬಿಟ್ಟಳೆಂದು, ಅವಳು ಇಲ್ಲಿ ಮಗ ಕೈಬಿಟ್ಟನೆಂದು. ನಡುವೆ ನೀನು, ಹಗುರಾಯ್ತು ಎನ್ನುತ್ತಾ, ಕ್ಯಾಂಪಿನಲ್ಲಿ ಹಾಯಾಗಿ ಮಲಗಿದ್ದೆ.

ಇನ್ನು ಒಂದೇ ಅಕೌಂಟಿನ ಸಂಸಾರ ಸಾಕು. ನಿನ್ನೆಯೇ ಅತ್ತೆಗೆ ಬೇರೆ, ನನಗೆ ಬೇರೆ ಮಾಡಿ, ಹೆಸರುಗಳನ್ನೆಲ್ಲ ಹಂಚಿಕೊಂಡು, ನಿನ್ನದರ ಜೊತೆಗಿನ ನಂಟನ್ನು ಕಡಿದಿದ್ದೇನೆ. ನಿನ್ನ ಪಾಸ್‌ವರ್ಡನ್ನು ನೀನೇ ಉಪ್ಪಿನಕಾಯಿ ಹಾಕಿಕೋ. ಈ ಸಲ ಹೆಸರುಗಳೆಲ್ಲ ಊರಿನ ರೂಢಿಯಂತೆಯೇ ಇವೆ, ಕರೀ ಕೋಟು ಕರೀ ಕೋಟೇ.

ಮಂಡಿಗೆ ಪಟ್ಟಿ ಸುತ್ತಿಕೋ. ಸಿಟ್ಟಿದೆ ಎಂದು ಮಂಡಿ ನೋಯಲಿ ಎಂದು ಬಯಸುವಷ್ಟು ಕೆಟ್ಟವಳಲ್ಲ ನಾನು. ಅತ್ತೆ ನಿನಗೆ ಮುತ್ತು ಕಳಿಸಿದ್ದಾಳೆ, ದೇವರು ನಿನ್ನನ್ನು ಚಳಿಯಿಂದ ಕಾಯಲಿ ಎಂದಿದ್ದಾಳೆ. ನಾನು ಸದ್ಯಕ್ಕೆ ಏನೂ ಹೇಳುವುದಿಲ್ಲ.

ಇನ್ನೂ ನಿನ್ನ ಹೆಂಡತಿಯಾಗಿರುವ
ಮೊರಾಗ್

ಮರೆತೆ: ಅಂಚೆಯವಳು ಹಾರ್ನ್ ಹೊಡೆಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಮುಖ ಹೇಗೆ ಹೋಯಿತು ಎಂದು ಅತ್ತೆ ಫೋನಿನಲ್ಲೇ ಕೇಳಿದಳು. ನಿನ್ನ ಹೆಸರು ಹೇಳಲು ನನಗೆ ಮನಸ್ಸಾಗಲಿಲ್ಲ. ಆರ್ಚಿಗೆ ಇದು ನಿನ್ನ ಕೆಲಸವೆಂದು ಅರ್ಥವಾಯಿತು, ನನಗೆ ಗೊತ್ತು. ಆದರೂ, ‘ಹಳೇ ಫೋನಲ್ವಾ ಅಮ್ಮಾ, ಒಂದೊಂದ್ಸಲ ಹಂಗಾಗುತ್ತೆ. ಯಾರ ತಪ್ಪೂ ಅಲ್ಲ’ ಎಂದುಬಿಟ್ಟ. ಅವಳು ನಂಬಿದ್ದಾಳೆ. ಹೆಸರುಗಳನ್ನು ಮರಳಿ ತಂದಾಗ ಅವನು ನಿನ್ನ ಫೋನಿಗೂ ಬಂದಿದ್ದಾನೆ, ತೆಗೆದು ನೋಡು, ಕೆಂಪು ಟೋಪಿ. ಬೇಕಾದರೆ ಮತ್ತೆ ಅಳಿಸು. ಈಗ ನಿನ್ನೊಬ್ಬನಿಂದ ಮಾತ್ರ ಹೋಗುತ್ತಾನೆ.