ಹೆದರಿದವಳ ಪರ ಸಾಕ್ಷಿ

ಗುರುವಾರ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ ಅಣ್ಣನ ಆಶೀರ್ವಾದ.

ನಾನು ಕ್ಷೇಮ. ನಿನ್ನ ಕ್ಷೇಮವನ್ನು ವಿಚಾರಿಸುವ ಅಗತ್ಯವಿಲ್ಲ. ನಿನ್ನೆ ಸಂಜೆ ಕಣ್ಣಾರೆ ಕಂಡಿದ್ದೇನೆ.

ವಿಷಯ: ನನ್ನ ಮಗಳ ಮನೋಪರೀಕ್ಷೆಯ ಸಂಬಂಧ ಸೋಮವಾರ ನೀನು ಖುದ್ದು ಹಾಜರಾಗುವ ಬಗ್ಗೆ.

ಈ ಮೇಲ್ಕಂಡ ವಿಷಯದಲ್ಲಿ ನಿನ್ನ ಗಮನಕ್ಕೆ ತರುವುದೇನೆಂದರೆ, ಅಗ್ನಿಶಾಮಕ ದಳದ ನೇಮಕಾತಿಯಲ್ಲಿ ನನ್ನ ಮಗಳು ಓಟ, ಹಗ್ಗ, ಏಣಿ, ಬರಹ ಎಲ್ಲವನ್ನೂ ಗೆದ್ದು ಕೊನೆಯ ಹಂತವಾದ ಮನೋಪರೀಕ್ಷೆಗೆ ಬಂದು ನಿಂತಿರುವುದು ಸರಿಯಷ್ಟೆ. ಹೆದರಿದಾಗ ಯಾರ ಬಳಿ ಹೋಗುತ್ತೀಯೆಂದು ಅಲ್ಲಿನ ಡಾಕ್ಟರಮ್ಮ ಕೇಳಿದ್ದಕ್ಕೆ ಅವಳು, "ಚಿಕ್ಕಪ್ಪನ ಹತ್ರ" ಎಂದಳಂತೆ. ಆ ಹೊತ್ತಿಗೆ ಹೆತ್ತ ತಂದೆಯಾದ ನಾನು ಗೋಡೆಯಾಚೆ ಬೆಂಚಿನ ಮೇಲೆ ಅವಳ ನೀರಿನ ಬಾಟಲಿ ಹಿಡಿದುಕೊಂಡು ಕುಳಿತಿದ್ದೆ. ಆ ಚಿಕ್ಕಪ್ಪನೊಡನೆ ಮಾತಾಡಬೇಕು, ಬರಹೇಳಿ ಎಂದು ಡಾಕ್ಟರಮ್ಮ ತಿಳಿಸಿದರು.

ಅಂದೇ ನಾನು ನಿನ್ನ ಸೈಕಲ್ ಅಂಗಡಿಗೆ ಬಂದು, "ನನ್ನ ಮಗಳ ವಿಷಯಕ್ಕೆ ನೀನು ತಲೆ ಹಾಕ್ಬೇಡ, ನಾನೇ ಹೋಗ್ತೀನಿ" ಎಂದದ್ದು ನಿನಗೆ ನೆನಪಿರಬೇಕು. ನೀನು ಪಂಕ್ಚರ್ ಹಾಕುತ್ತಲೇ, "ಹೋಗಣ್ಣ, ನನಗಿಂತ ನಿನ್ನ ಶರ್ಟು ಚೆನ್ನಾಗಿದೆ" ಎಂದೆ. ನಿಂತಿದ್ದ ಗಿರಾಕಿಗಳೆಲ್ಲ ನಕ್ಕರು. ನಿನ್ನ ಮಾತಿಗೆ ಯಾರು ನಗುವುದಿಲ್ಲ? ನಮ್ಮಮ್ಮನೂ ನಗುತ್ತಿದ್ದಳು. ನಾನು ಮಾತಾಡಿದರೆ, "ಬೇಗ ಮುಗಿಸೋ" ಎನ್ನುತ್ತಿದ್ದಳು. ಇದನ್ನು ಹೊಟ್ಟೆಕಿಚ್ಚೆಂದು ಭಾವಿಸತಕ್ಕದ್ದಲ್ಲ.

ಅದರಂತೆ ನಾನು ಹೋದೆ. ಸಣ್ಣ ಕೋಣೆ, ಎದುರುಬದುರು ಎರಡು ಕುರ್ಚಿ, ನಡುವೆ ಕೈಯೂರಲು ಒಂದು ಮೇಜೂ ಇಲ್ಲ. "ಹೆದರಿದಾಗ ಏನ್ ಮಾಡ್ತಾಳೆ ನಿಮ್ಮ ಮಗಳು?" ಎಂದು ಡಾಕ್ಟರಮ್ಮ ಕೇಳಿದರು. ನಾನು ಬೆನ್ನು ನೆಟ್ಟಗೆ ಮಾಡಿ, "ನನ್ನ ಮಗಳಿಗೆ ಹೆದರಿಕೆ ಅಂದ್ರೇನು ಅಂತಾನೇ ಗೊತ್ತಿಲ್ಲ. ಅವಳು ಅತ್ತಿದ್ದನ್ನ ನಾನು ನೋಡೇ ಇಲ್ಲ" ಎಂದೆ. ಅವರ ಮುಖ ಅರಳಲಿಲ್ಲ. ತಂದೆಯ ಮಾತಿಗೂ ಮಗಳ ಮಾತಿಗೂ ತಾಳೆಯಾಗುತ್ತಿಲ್ಲ, ತೀರ್ಮಾನವನ್ನು ತಡೆಹಿಡಿದಿದ್ದೇನೆ, ಸೋಮವಾರ ಆ ಚಿಕ್ಕಪ್ಪನೇ ಬರಲಿ ಎಂದರು.

ಮನೆಗೆ ಬಂದು ಹೇಳಿದಾಗ ಮಗಳು ನನ್ನ ಮೇಲೆ ಹರಿಹಾಯ್ದಳು. "ಹೆದರ್ತೀನಿ ಅಂತ ನಾನೇ ಹೇಳಿದ್ದೆ ಅಪ್ಪ! ಹೊಗೆ ಕೋಣೆಯ ಅಭ್ಯಾಸ ಮಾಡಿಸಿದ ದಿನ ಚಿಕ್ಕಪ್ಪನ ಅಂಗಡೀಲಿ ಕೂತು ಅತ್ತೆ. ಮಾರನೇ ದಿನ ಮತ್ತೆ ಒಳಗೆ ಹೋದೆ. ಡಾಕ್ಟರಿಗೆ ಬೇಕಿದ್ದು ಅದೇ. ನೀನು ಹೋಗಿ ನನ್ನನ್ನ ಸುಳ್ಳುಗಾತಿ ಮಾಡ್ಬಿಟ್ಟೆ."

ನನಗೇಕೆ ಹೇಳಲಿಲ್ಲವೆಂದು ಕೇಳಿದೆ. "ನಿನಗೆ ಹೇಳಿದ್ರೆ ಹೊಗೆ ಜಾಸ್ತಿ ಆಯ್ತು ಅಂತ ಇಲಾಖೆಗೆ ದೂರು ಬರೀತಿದ್ದೆ" ಎಂದಳು. ಚಿಕ್ಕಪ್ಪ ಏನು ಮಹಾ ಮಾಡಿದನೆಂದು ಕೇಳಿದೆ. "ಏನೂ ಇಲ್ಲ. ಒಂದು ಚಕ್ರ ಕೈಗೆ ಕೊಟ್ಟು, ಸ್ಪೋಕ್ ಬಿಗಿ ಮಾಡು ಅಂದ." ಅಷ್ಟು ನನ್ನಿಂದಲೂ ಆಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಚಕ್ರವಿಲ್ಲ.

ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಿನ್ನೆ ಸಂಜೆ ಇದನ್ನೆಲ್ಲ ನಿನಗೆ ಬಾಯಲ್ಲೇ ಹೇಳಲು ಹೊರಟೆ. ಅಂಗಡಿಯ ಸ್ಟೂಲಿನ ಮೇಲೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು, ನೀನು ಪಂಪು ಹಿಡಿದು ಏನೋ ಅಭಿನಯಿಸುತ್ತಿದ್ದೆ. ನಾನು ರಸ್ತೆಯ ತಿರುವಿನಿಂದಲೇ ವಾಪಸಾದೆ. ಆದ್ದರಿಂದ ಈ ಪತ್ರ.

ಸೋಮವಾರ ನೀನು ಹೋಗದಿದ್ದರೆ ಅವಳ ಜಾಗ ಮುಂದಿನವರ ಪಾಲಾಗುತ್ತದೆ. ಹೋಗಿ, ಅವಳು ಅತ್ತದ್ದನ್ನೂ ಮತ್ತೆ ಎದ್ದು ಹೋದದ್ದನ್ನೂ ಇದ್ದದ್ದು ಇದ್ದಂತೆ ಹೇಳಬೇಕಾಗಿ ಕೋರುತ್ತೇನೆ. ಅಣ್ಣನಿಗೆ ಏನೂ ಗೊತ್ತಿರಲಿಲ್ಲ ಎನ್ನುವುದು ಅನಿವಾರ್ಯವಾದರೆ ಅದನ್ನೂ ಹೇಳು, ಖುಷಿಯಿಂದ ಹೇಳಬೇಡ. ಗ್ರೀಸು ಮೆತ್ತಿದ ಅಂಗಿ ಬೇಡ. ಡಾಕ್ಟರಮ್ಮನನ್ನು ನಗಿಸುವ ಪ್ರಯತ್ನವಂತೂ ಬೇಡವೇ ಬೇಡ.

ಇತಿ,
ನಿನಗಿಂತ ಮೊದಲು ಹುಟ್ಟಿದ
ಅಣ್ಣ

ಮತ್ತೊಂದು ಮಾತು: ನಾನು ಹೊರಡುವಾಗ ಡಾಕ್ಟರಮ್ಮ ಬಾಗಿಲವರೆಗೆ ಬಂದು, "ಮಗಳು ಬೆಂಕಿ ಒಳಗೆ ಹೋಗೋ ಕೆಲಸ ಯಜಮಾನ್ರೇ. ನಿಮಗೆ ಭಯ ಆಗುತ್ತೆ ಅಂತ ಯಾರ ಹತ್ರಾದ್ರೂ ಹೇಳ್ಕೊಂಡಿದೀರಾ?" ಎಂದರು. ಅದು ಈ ಪ್ರಕರಣಕ್ಕೆ ಸಂಬಂಧಪಟ್ಟದ್ದಲ್ಲ ಎಂದು ಬಂದುಬಿಟ್ಟೆ. ಬಸ್ಸಿನಲ್ಲಿ ಒಬ್ಬನ ಹೆಸರು ಹೊಳೆಯಿತು. ಇಲ್ಲಿ ಬರೆದರೆ ನಿನಗೆ ಕೊಬ್ಬು ಹೆಚ್ಚಾದೀತು.