ಓಣಿ ಕುಡಿದ ಗಿಣ್ಣ

ಹಿರೇವಡ್ಡಟ್ಟಿ

ಓರಗಿತ್ತಿ ಬಸವಣ್ಣೆವ್ವನಿಗೆ, ನಡುಗೋಡೆಯ ಈಚೆಯಿಂದ ಅಕ್ಕನ ಆಶೀರ್ವಾದ.

ನಿನ್ನ ಕರು ಇಂದು ಬೆಳಿಗ್ಗೆ ಬಾಲವೆತ್ತಿ ಅಂಗಳ ಸುತ್ತುವುದನ್ನು ಕಂಡೆ. ಕಣ್ಣು ಉರಿಯಿತು. ಸುತ್ತಿ ಬಳಸದೆ ಹೇಳುತ್ತೇನೆ, ಅದು ಹೊಟ್ಟೆಕಿಚ್ಚು. ಅತ್ತೆಯವರಿದ್ದಾಗಲೂ ಹಸುಗಳು ನಿನ್ನ ಕೈಗೇ ಹಾಲಿಳಿಸುತ್ತಿದ್ದವು. ಊರಿನ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ನನ್ನ ಕೈಯನ್ನು ಒದೆಯುತ್ತಿದ್ದವು.

ಹೋದ ವಾರ ನನ್ನ ಹಸು ಈದಾಗ, ನಿನಗಿಂತ ಮೊದಲು ಓಣಿಯ ಪ್ರತಿ ಮನೆಗೂ ನನ್ನ ಗಿಣ್ಣದ ಹಾಲು ಮುಟ್ಟಬೇಕೆಂದು ಕೆಚ್ಚಲು ಬರಿದಾಗುವಂತೆ ಕರೆದು ಹಂಚಿದೆ. ಈದ ಹಸುವಿನ ಮಾಸು ಬೀಳುವವರೆಗೆ ಕರುವಿಗೆ ಮೊಲೆ ಬಿಡಬಾರದೆಂಬ ರೂಢಿ ನನಗೆ ಅನುಕೂಲವೇ ಆಯಿತು. "ಅಕ್ಕೋರ ಗಿಣ್ಣ ಅಂದ್ರ ಗಿಣ್ಣ ನೋಡ್ರಿ, ಚಾಕೂಲೆ ಕೊಯ್ಯೂವಂಗ ಐತಿ" ಎಂದು ನೆರೆಯ ಸುಗ್ರಾಬಿ ಹೊಗಳಿದಾಗ, ನಿನಗೆ ಕೇಳಲೆಂದು ಅವಳನ್ನು ಗೋಡೆಯ ಬಳಿಗೆ ಕರೆದು ಮತ್ತೊಮ್ಮೆ ಹೇಳಿಸಿದೆ.

ಮೊನ್ನೆ ನಿನ್ನ ಹಸು ಈದಿತು. ನೀನು ಯಾರಿಗೂ ಗಿಣ್ಣ ಕಳುಹಿಸಲಿಲ್ಲ. "ಮಣಕಾಲು ಹಿಡದಾವು, ಯಾರು ಮನಿಮನಿ ತಿರಗ್ತಾರ್ರೀ ಅಕ್ಕಾ? ಕರಾನ ಕುಡೀಲಿ ಬಿಡ್ರಿ" ಎಂದುಬಿಟ್ಟೆ ನೀನು. ಜಾಣತನವಲ್ಲ, ಶುದ್ಧ ಸೋಮಾರಿತನ! ಅದಕ್ಕೂ ನಿನಗೆ ಫಲ ಸಿಕ್ಕಿತಲ್ಲ!

ನನ್ನ ಕರು ಹಳದಿ ನೀರಿನಂತೆ ಭೇದಿಯಾಗಿ, ಕಣ್ಣು ಗುಳಿಬಿದ್ದು, ಏಳಲಾರದೆ ಮಲಗಿದೆ. ಮುಂಡರಗಿಯಿಂದ ಬಂದ ದನದ ಡಾಕ್ಟರ್ ಸ್ನೇಹಾ ಹೇಳಿದರು: "ರೋಟಾ ವೈರಸ್ ಇದ್ದಂಗ ಐತ್ರಿ. ಅದನ್ನ ಕೊಲ್ಲೋ ಸೂಜಿ ಇಲ್ಲ. ಈ ಔಷಧದ ನೀರು ಕುಡಸ್ಕೋತ ಇರ್ರಿ, ಹಾಲು ಬಿಡಸಬ್ಯಾಡ್ರಿ. ಹುಟ್ಟಿದ ಕೂಡ್ಲೆ ಹೊಟ್ಟಿತುಂಬ ಗಿಣ್ಣ ಕುಡದಿತ್ತಿಲ್ಲೋ?"

ಓಣಿಯೆಲ್ಲ ಕುಡಿದಿತ್ತು, ಕರು ಮಾತ್ರ ಕುಡಿದಿರಲಿಲ್ಲ.

"ಕೈಕಾಲಿಗೆ ಹತ್ತಿ ಬಾಜೂ ಮನಿ ಕರಾಕೂ ಹೋಗ್ತೈತಿ, ಆ ಕಡಿ ಹಾಯಬ್ಯಾಡ್ರಿ" ಎಂದೂ ಎಚ್ಚರಿಸಿದರು. ಆಗ ನನ್ನ ಮನಸ್ಸಿನಲ್ಲಿ ಸುಳಿದದ್ದನ್ನು ಈ ಹಾಳೆಯ ಮೇಲೆ ಬರೆಯಲಾರೆ. ಸುಳಿಯಿತು, ಹೋಯಿತು. ಕಾಲಿಗೆ ಸಾಬೂನು ಹಚ್ಚಿ ತೊಳೆದೆ, ಮತ್ತೆ ತೊಳೆದೆ.

ಈಗಲೂ ಹೊಸದಾಗಿ ಈದ ಬೇರೆ ಹಸುವಿನ ಗಿಣ್ಣವನ್ನು ಹಾಲಿಗೆ ಬೆರೆಸಿ ಕುಡಿಸುತ್ತಿದ್ದರೆ ಕರುಳಿಗೆ ಕಾವಲಾದೀತಂತೆ. ಅದಿರುವುದು ನಿನ್ನ ಕೊಟ್ಟಿಗೆಯಲ್ಲಿ ಮಾತ್ರ. ಕೂಗಿ ಕೇಳಲು ನಾಲಿಗೆ ಏಳಲಿಲ್ಲ. ಅದಕ್ಕೇ ಈ ಪತ್ರ. ಯಾರ ಮನೆಗೂ ಬರಿದಾದ ಪಾತ್ರೆ ಕಳುಹಿಸಿದವಳಲ್ಲ ನಾನು. ಇಂದು ಒಂದು ತಂಬಿಗೆಯನ್ನು ಕುದಿನೀರಿನಲ್ಲಿ ತೊಳೆದು, ಬರಿದಾಗಿಯೇ ಗೋಡೆಯ ಮೇಲಿಟ್ಟಿದ್ದೇನೆ. ತುಂಬಿಸಿಡು. ಓಣಿಯೆಲ್ಲ ನೋಡಿದರೆ ನೋಡಲಿ.

ನಿನ್ನ ಕೊಟ್ಟಿಗೆ ಸದಾ ತುಂಬಿರಲಿ; ನನ್ನದಕ್ಕಿಂತ ಒಂದೇ ಒಂದು ಕರು ಕಡಿಮೆಯಿರಲಿ.

ನಿನ್ನ ಹಿರಿಯ ಓರಗಿತ್ತಿ,
ನೀಲಾಂಬಿಕಾ