ಡಾಕ್ಟರಿಗೆ ಕೊಟ್ಟ ಉತ್ತರ

ಅಸ್ತಾನಾ
ಮಾರ್ಚ್ ೩

ನಮ್ಮ ಚಿಕ್ಕ ಯಜಮಾನನಿಗೆ,

ನಿನ್ನ ಅತ್ತಿಗೆಯ ಆಶೀರ್ವಾದಗಳು. ಫೋನ್ ಮಾಡುವುದು ಬಿಟ್ಟು ನಿಮ್ಮ ಗಣಿಯ ಬಸ್ಸಿನವನ ಕೈಯಲ್ಲಿ ಕಾಗದ ಕಳಿಸಿದ್ದಾಳಲ್ಲ, ಇವಳಿಗೇನಾಯಿತು ಎಂದು ನಗಬೇಡ. ಫೋನಿನಲ್ಲಿ ನೀನು ಹೇಗಿದ್ದೀರಿ ಅತ್ತಿಗೆ ಎನ್ನುತ್ತೀಯ, ನಾನು ಮಾತು ಬೇರೆ ಕಡೆ ತಿರುಗಿಸುತ್ತೇನೆ. ಎರಡು ಸಲ ಹಾಗೆಯೇ ಆಯಿತು. ಅಲ್ಲಿ ಹಿಮ ಕರಗಿತೇ ಎಂದು ವಿಚಾರಿಸಿ ಇಟ್ಟುಬಿಟ್ಟೆ.

ಮಗಳು ಮೋಲ್ದಿರ್‌ಗೆ ಗುಣವಾಗುತ್ತಿದೆ ಎಂದು ನಿನಗೆ ಹೇಳಿದ್ದೆ. ಆಗುತ್ತಿಲ್ಲ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಅವಳ ಮೂಳೆಯೊಳಗಿನ ಮಜ್ಜೆಯ ಮೇಲೆ ತಿರುಗಿಬಿದ್ದಿದೆ. ಹೊಸ ರಕ್ತ ಹುಟ್ಟುತ್ತಿಲ್ಲ. ಆ ಶಕ್ತಿಯನ್ನು ತಣ್ಣಗಾಗಿಸುವ ಔಷಧಿ ಕೊಟ್ಟರು, ಫಲವಾಗಲಿಲ್ಲ. ಇನ್ನು ಉಳಿದಿರುವುದು ಒಂದೇ ದಾರಿ: ದಾರಿ ತಪ್ಪಿದ ಆ ಶಕ್ತಿಯನ್ನು ಪೂರ್ತಿ ಅಳಿಸಿ, ಹೊಂದಿಕೆಯಾಗುವ ಇನ್ನೊಬ್ಬರ ಮಜ್ಜೆಯ ಕಾಂಡಕೋಶಗಳನ್ನು ಕೊಟ್ಟು, ರಕ್ತವನ್ನೂ ಆ ಶಕ್ತಿಯನ್ನೂ ಹೊಸದಾಗಿ ಬೆಳೆಸುವುದು. ನನ್ನದೂ ನಮ್ಮ ಮನೆಯವರದೂ ಅರ್ಧವಷ್ಟೇ ಹೊಂದಿತು. ಹೊರದೇಶಗಳಲ್ಲಿ ಹುಡುಕಿಸಿದರು, ಯಾರೂ ಸಿಗಲಿಲ್ಲ. ಅವಳಿಗೆ ಪ್ರಾಣವಾದ ಒಣಮೊಸರಿನ ಕುರ್ತ್ ಕಡಿದರೆ ವಸಡಿನ ರಕ್ತ ನಿಲ್ಲುವುದಿಲ್ಲ.

ಮೊದಲ ದಿನವೇ ಡಾಕ್ಟರ್, ನಿಮಗೆ ಎಷ್ಟು ಮಕ್ಕಳು ಎಂದು ಕೇಳಿದ್ದರು. ಒಡಹುಟ್ಟಿದವರದು ಹೊಂದುವ ಸಂಭವ ಹೆಚ್ಚಂತೆ. ಒಬ್ಬಳೇ ಎಂದೆ. ಪಕ್ಕದಲ್ಲಿ ಅತ್ತೆ, ನೀನು ಅಮ್ಮ ಎನ್ನುವವರು, ಕೂತಿದ್ದರು. ನಮ್ಮ ಪದ್ಧತಿಯಂತೆ ಚೊಚ್ಚಲ ಮಗುವನ್ನು ಗಂಡನ ಹೆತ್ತವರ ಮಡಿಲಿಗೆ ಹಾಕಿದ ಮೇಲೆ ಅದು ಅವರದೇ. ನನ್ನದು ಎಂದರೆ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ. ಊರಿಗೆಲ್ಲ ಗೊತ್ತು, ನಿನಗೂ ಗೊತ್ತು, ಆದರೆ ಯಾರೂ ಎತ್ತಿ ಆಡುವುದಿಲ್ಲ. ಅತ್ತೆಯ ಎದುರು ನನ್ನ ನಾಲಿಗೆ ಹೊರಳಲಿಲ್ಲ. ಹೀಗೆ ಚಳಿಗಾಲವೆಲ್ಲ ಕಳೆದುಹೋಯಿತು.

ಮೊನ್ನೆ ಡಾಕ್ಟರ್ ಅತ್ತೆಯ ಹತ್ತಿರ, ಮೊಮ್ಮಗಳಿಗೆ ಒಬ್ಬ ಅಣ್ಣನೋ ತಮ್ಮನೋ ಇದ್ದಿದ್ದರೆ ಎಂದು ಮರುಗಿದರು. ಅತ್ತೆ ಅದೇ ಮೊದಲು ಕೇಳಿದವರ ಹಾಗೆ ನನ್ನತ್ತ ತಿರುಗಿದರು. ಆಮೇಲೆ ಡಾಕ್ಟರಿಗೆ, "ಯಾಕಿಲ್ಲ, ಇದ್ದಾನೆ. ಇವಳು ಹೆತ್ತಳು, ನಾನು ಸಾಕ್ದೆ" ಎಂದರು. ಡಾಕ್ಟರ್ ಹೆಸರು ಕೇಳಿದರು. ಗಂಡನ ಕಡೆಯವರ ಹೆಸರನ್ನು ನಾವು ಸೊಸೆಯರು ಎತ್ತುವುದಿಲ್ಲವಲ್ಲ, ಅತ್ತೆಯ ಮುಖ ನೋಡಿದೆ.

"ಮಗನ ಹೆಸರು ಹೇಳೋಕೂ ನನ್ನ ಅಪ್ಪಣೆ ಬೇಕೇನೇ ದಡ್ಡಿ? ಹೇಳು" ಎಂದು ಅತ್ತೆ ಗದರಿದರು.

ಎಲ್ದೋಸ್ ಎಂದೆ. ನೀನು ಹುಟ್ಟಿದ ಮೇಲೆ ಅದೇ ಮೊದಲ ಸಲ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಡಾಕ್ಟರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. ಅತ್ತೆ ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ. ಮೋಲ್ದಿರ್ ಮಾತ್ರ, "ಚಿಕ್ಕಪ್ಪನ ರಕ್ತ ಬಂದ್ರೆ ನಂಗೂ ಅವನ ಥರ ಗೊರಕೆ ಬರುತ್ತಾ?" ಎಂದು ಎಲ್ಲರನ್ನೂ ಗೋಳುಹೊಯ್ದುಕೊಳ್ಳುತ್ತಿದ್ದಾಳೆ.

ನೀನು ಬಂದು ಮೊದಲು ಒಂದಿಷ್ಟು ರಕ್ತ ಪರೀಕ್ಷೆಗೆ ಕೊಡಬೇಕು. ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಎನ್ನುತ್ತಾರೆ. ಹೊಂದಿದರೆ ಪ್ರಜ್ಞೆ ತಪ್ಪಿಸಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಕೆಲವು ದಿನ ನೋವಿರುತ್ತದಂತೆ. ಎದೆಹಾಲು ಬಿಡಿಸಿದ ಕೂಡಲೇ ನಿನ್ನನ್ನು ಎತ್ತಿ ಕೊಟ್ಟವಳು ಈಗ ನಿನ್ನ ಮೂಳೆಯೊಳಗಿನದನ್ನು ಕೇಳುತ್ತಿದ್ದೇನೆ. ಎಂಥ ನಾಚಿಕೆ ಎಂದು ಹೇಳಲಾರೆ. ಆದರೂ ಕೇಳುತ್ತಿದ್ದೇನೆ.

ನಿನ್ನ ಅತ್ತಿಗೆ,
ರೌಶನ್

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ಮೊದಲ ದಿನ ಅತ್ತೆ ಕೋಣೆಯಲ್ಲಿರಲಿಲ್ಲ. ಚಹಾ ಕುಡಿಯಲು ಕೆಳಗೆ ಹೋಗಿದ್ದರು. ಇದ್ದದ್ದು ಡಾಕ್ಟರ್ ಮತ್ತು ನಾನು, ಇಬ್ಬರೇ. ಎಷ್ಟು ಮಕ್ಕಳು ಎಂದರು, ಒಬ್ಬಳೇ ಎಂದೆ. ಮುಚ್ಚಿಡಬೇಕೆಂದು ಹೇಳಿದ್ದಲ್ಲ, ಎಲ್ದೋಸ್. ನೀನು ನೆನಪಿಗೇ ಬರಲಿಲ್ಲ. ಹೊರಗೆ ಬಂದ ಮೇಲೆ ನೆನಪಾಯಿತು. ಹೆತ್ತದ್ದನ್ನೇ ಮರೆತಿದ್ದೆ ಎಂದು ಯಾವ ಮುಖದಲ್ಲಿ ವಾಪಸ್ ಹೋಗಿ ಹೇಳಲಿ? ನನ್ನ ಮುಖ ನೋಡಬೇಡ. ನಿನ್ನ ತಂಗಿಯನ್ನು ನೋಡಲು ಬಾ.